ಹಾರ ಹಾಕಿದ ಫೋಟೊ

ಕಡೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಚಂದ್ರಕುಮಾರನ ಹೊಟ್ಟೆ ತುಂಬಿಸುವುದು ಮದುವೆ ಆಲ್ಬಂ. ಜೀವ ಇರುವುದು ಮಾತ್ರ ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಲ್ಲಿ. ಬಿಡುವು ಸಿಕ್ಕರೆ ಬೈಕ್ ಹತ್ತಿ ಹೋಗಿ, ಮಂಜು ಮುಸುಕಿದ ಬಯಲಲ್ಲಿ ಒಂದು ಮರ, ಇಲ್ಲವೇ ಒಂದು ಕಲ್ಲು, ಅಷ್ಟನ್ನೇ ಕಪ್ಪು ಬಿಳುಪಿನಲ್ಲಿ ಹಿಡಿದು ತರುತ್ತಾನೆ.

"ಮುಕ್ಕಾಲು ಫೋಟೊ ಖಾಲಿ ಕಣ್ರೀ. ಇಂಕಾದ್ರೂ ಉಳೀತು ಬಿಡಿ" ಎಂದು ಹೆಂಡತಿ ಕೋಮಲಾ ಚುಚ್ಚುತ್ತಾಳೆ.

ಈ ಸಲದ ಆಯುಧಪೂಜೆಗೆ ಕ್ಯಾಮೆರಾ, ಕಂಪ್ಯೂಟರ್, ಪ್ರಿಂಟರ್ ಎಲ್ಲಕ್ಕೂ ಕುಂಕುಮ ಇಟ್ಟು ಹೂ ಏರಿಸಿದವನು, ಮಿಕ್ಕ ಒಂದು ಚೆಂಡುಹೂವಿನ ಹಾರವನ್ನು ತನಗೆ ಬಲು ಇಷ್ಟವಾದ ಫೋಟೊಗೂ ಹಾಕಿಬಿಟ್ಟ. ಬೆಳ್ಳಗಿನ ಬಯಲು, ದೂರದಲ್ಲಿ ಕಂಬಳಿ ಹೊದ್ದು, ಕೋಲಿಗೆ ಗದ್ದ ಊರಿ ನಿಂತ ದನಗಾಹಿ ಈರಣ್ಣ.

ಹಬ್ಬಕ್ಕೆಂದು ಬಸ್ಸಿಳಿದ ಈರಣ್ಣನ ಮಗಳು ಭೂಮಿಕಾ ಸ್ಟುಡಿಯೋದ ಗಾಜಿನಾಚೆ ಅದನ್ನು ಕಂಡಳು. ಆ ನಿಲುವು ಅವಳಿಗೆ ಗೊತ್ತಾಗದೆ ಇದ್ದೀತೆ? ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು.

"ಯಾವತ್ತು ಹೋದ್ರು ನಮ್ಮಪ್ಪ? ನಂಗ್ಯಾಕೆ ಹೇಳ್ಲಿಲ್ಲ?"

"ಅಯ್ಯೋ, ಇಲ್ಲ ಕಣವ್ವಾ! ಆಯುಧಪೂಜೆ ಹಾರ ಅದು!"

"ಸುಳ್ಳು ಹೇಳ್ಬೇಡಿ ಅಣ್ಣಾ. ಬದುಕಿರೋರ ಫೋಟೊಗೆ ಯಾರಾದ್ರೂ ಹಾರ ಹಾಕ್ತಾರಾ?"

ಅಪ್ಪನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಈಗ ಚಂದ್ರಕುಮಾರನಿಗೂ ಅಳುಕು ಹುಟ್ಟಿತು. ಹೋದ ವಾರ ಕಂಡಾಗ ಮುದುಕ ಎದೆ ಹಿಡಿದು ಕೆಮ್ಮುತ್ತಿದ್ದುದು ನೆನಪಾಯಿತು. ಹಾರ ಕಿತ್ತೆಸೆದು, "ಹತ್ತವ್ವ ಬೈಕು" ಎಂದ.

ದಾರಿಯುದ್ದಕ್ಕೂ ಅವಳು ಅಪ್ಪನ ನಂಬರನ್ನೇ ಒತ್ತುತ್ತಿದ್ದಳು. ಕಾವಲಿನಲ್ಲಿ ಗುಡಿಸಲಿಗೆ ಬೀಗ. ಈರಣ್ಣ ಯಾವಾಗಲೂ ನಿಲ್ಲುವ ದಿಬ್ಬದ ಮೇಲೂ ಯಾರಿಲ್ಲ. ಇಷ್ಟು ವರ್ಷ ಚಂದ್ರಕುಮಾರ ಮೆಚ್ಚಿದ್ದ ಆ ಖಾಲಿ ಬಯಲು ಅವತ್ತು ಅವನನ್ನೇ ಹೆದರಿಸಿತು.

"ಅಪ್ಪೋ!" ಎಂದು ಭೂಮಿಕಾ ಕೂಗಿದಳು. ಉತ್ತರವಿಲ್ಲ. ಗಂಟಲು ಹರಿಯುವ ಹಾಗೆ ಇನ್ನೊಮ್ಮೆ ಕೂಗಿದಳು.

ಕೆರೆಯ ಏರಿಯ ಹಿಂದಿನಿಂದ ಬೈಗುಳ ಬಂತು. "ಯಾವಳೇ ಅದು, ದನ ಕರ ಬೆದರ್ತವೆ!"

ಹಬ್ಬಕ್ಕೆ ದನ ತೊಳೆಯುತ್ತಿದ್ದ ಈರಣ್ಣ ಒದ್ದೆ ಮೈಯಲ್ಲೇ ಏರಿ ಹತ್ತಿ ಬಂದ. ಭೂಮಿಕಾ ಅವನ ರಟ್ಟೆ ಹಿಡಿದವಳು ಬಿಡಲೇ ಇಲ್ಲ.

"ಚಾರ್ಜ್ ಹೋಗಿತ್ತು ಕಣವ್ವ, ಅಷ್ಟಕ್ಕೇ ಹಿಂಗಾ?" ಎಂದವನು, ಹಾರದ ವಿಷಯ ಕೇಳಿ ಚಂದ್ರಕುಮಾರನ ಕಡೆ ತಿರುಗಿದ. "ಲೇ ಚಂದ್ರ, ಆಯುಧಪೂಜೆ ಮಾಡಕ್ಕೆ ನಾನೇನ್ ಸ್ಪ್ಯಾನರ್ ಏನ್ಲಾ?"

ತಪ್ಪಾಯ್ತೆಂದು ಚಂದ್ರಕುಮಾರ ಗಲ್ಲ ಗಲ್ಲ ಬಡಿದುಕೊಂಡ.

ಅಪ್ಪ ಮಗಳು ದನಗಳ ಕಡೆ ಇಳಿದು ನಡೆದರು. ಬಿಳಿಚಿದ ಆಕಾಶ, ಎರಡೇ ಎರಡು ಕಪ್ಪು ಆಕೃತಿ. ಅವನ ಕೈ ತಾನಾಗಿ ಮೊಬೈಲನ್ನು ಎತ್ತಿತು. ಭೂಮಿಕಾ ತಿರುಗಿ ನೋಡಿದಳು.

"ಬೇಡ ಅಣ್ಣಾ, ಒಳಗಿಡಿ. ಅಷ್ಟ್ ದೂರದಿಂದ ನಮ್ಮಪ್ಪನ್ನ ಇನ್ನೊಂದ್ಸಲ ನೋಡೋಕಾಗಲ್ಲ ನಂಗೆ."

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬೈಕಿನ ಕಡೆ ಹೊರಟ.