ಬಾಜೂ ಮನೆಯ ಹುಡುಗಿ

ಆಗಿನ ದಿನಗಳಲ್ಲಿ ಪುಣೆಯಲ್ಲಿ ಒಂದೇ ಅಂಗಳಕ್ಕೆ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ ಹುಡುಗಿಯರ ಚೆಲುವನ್ನು ಜಡೆಯಿಂದ ಅಳೆಯುತ್ತಿದ್ದರು. ಭಾನುವಾರ ಬಂತೆಂದರೆ ಅಂಗಳದ ತುಂಬ ಸೀಗೆಕಾಯಿಯ ವಾಸನೆ. ಕೂದಲು ಹರವಿಕೊಂಡು ಎಲ್ಲರೂ ಬಿಸಿಲಿಗೆ ಕೂರುತ್ತಿದ್ದೆವು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ, ನನಗೆ ಹನ್ನೊಂದು ವರ್ಷ. ವಿಷಮಜ್ವರ ಇಳಿದ ಮೇಲೆ ಬಾಚಣಿಗೆಗೆ ಹಿಡಿ ಹಿಡಿ ಕೂದಲು ಬರತೊಡಗಿತು. ಮಾವಿನಹಣ್ಣಿನ ಕಾಲ ಮುಗಿಯುವ ಮೊದಲೇ ತಲೆ ಬೋಳಾಯಿತು.

ಅವ್ವ ದಿನಾ ಉಳ್ಳಾಗಡ್ಡಿ ರಸ ತಿಕ್ಕುತ್ತಿದ್ದಳು. ವಾಡೆಯ ಹುಡುಗರು "ಟಕಲೀ" ಎಂದು ನನ್ನ ಬೋಳುತಲೆಯನ್ನು ಅಣಕಿಸುತ್ತಿದ್ದರು. ಗೆಳತಿಯರು ಗಜ್ಜುಗ ಆಡಲು ಕರೆಯುವುದನ್ನು ಬಿಟ್ಟರು. ನನ್ನನ್ನು ಮುಟ್ಟಿದರೆ ತಮ್ಮ ಕೂದಲೂ ಉದುರುತ್ತದೆ ಎಂದು ಅವರ ತಾಯಂದಿರು ಹೆದರಿಸಿದ್ದರಂತೆ.

ಮನೆಯಲ್ಲಿ ಇನ್ನೊಂದು ಬೋಳು ತಲೆಯಿತ್ತು, ಅಪ್ಪನ ತಾಯಿಯದು. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತಾಗ ಧಾರವಾಡದಲ್ಲಿ ಅಜ್ಜಿಯ ತಲೆ ಬೋಳಿಸಿದ್ದರು.

ಆಗಲೇ ಅಕ್ಕನನ್ನು ನೋಡಲು ಕೋಥರೂಡದಿಂದ ಗಂಡಿನ ಕಡೆಯವರು ಬಂದರು. ಶಿರಾದ ತುಪ್ಪ ಘಮಗುಡುತ್ತಿತ್ತು. ಅವ್ವ ನನ್ನನ್ನು ಅಡುಗೆಮನೆಗೆ ತಳ್ಳಿ, "ಅಜ್ಜಿ ಜೋಡಿ ಇಲ್ಲೇ ಕೂಡು. ಹೊರಗ ಬರಬ್ಯಾಡ," ಎಂದಳು. ಶುಭಕಾರ್ಯಕ್ಕೆ ಅಜ್ಜಿಯೂ ಎದುರು ಬರುವಂತಿರಲಿಲ್ಲ.

ಹೊರಗೆ ವರನ ತಾಯಿ ಅಕ್ಕನ ಜಡೆ ಜಗ್ಗಿ ನೋಡಿ, "ಖರೇ ಕೂದಲಾನ ಅವ ಬಿಡ್ರಿ," ಎಂದು ನಕ್ಕದ್ದು ಕೇಳಿಸಿತು. ಆಮೇಲೆ ಕೈ ತೊಳೆಯಲು ಆಕೆ ಒಳಗೇ ಬಂದುಬಿಟ್ಟರು. ನನ್ನ ತಲೆಯ ಮೇಲೆ ಕಣ್ಣು ನಿಂತಿತು.

"ಇಕಿ ಯಾರ್ರೀ?"

ಅವ್ವ ಹಿಂಜರಿಯಲಿಲ್ಲ. "ಬಾಜೂ ಮನಿ ಹುಡುಗಿರಿ. ನಮ್ಮ ಸಣ್ಣಾಕಿ ಧಾರವಾಡಕ್ಕ ಹೋಗ್ಯಾಳ."

ಸಂಬಂಧ ಕೂಡಿತು. ಧಾರವಾಡಕ್ಕೆ ಹೋದವಳು ಮದುವೆಗೆ ಹೇಗೆ ಬರಬೇಕು? ಮದುವೆಯ ದಿನ ನನ್ನನ್ನೂ ಅಜ್ಜಿಯನ್ನೂ ಬಿಟ್ಟು ಎಲ್ಲರೂ ಟಾಂಗಾ ಹತ್ತಿ ಮಂಗಲ ಕಾರ್ಯಾಲಯಕ್ಕೆ ಹೋದರು. ಅಕ್ಕ ತಿರುಗಿಯೂ ನೋಡಲಿಲ್ಲ. ಅಜ್ಜಿ ನನಗೆ ಮೊಸರವಲಕ್ಕಿ ಕಲಸಿಕೊಟ್ಟಳು.

"ಅಜ್ಜಿ, ನಾ ಅಷ್ಟು ಹೊಲಸ ಕಾಣ್ತೀನೇನು?"

ಆಕೆ ನನ್ನ ನೆತ್ತಿ ಸವರಿದಳು. "ನಿನ್ನವು ತಾವಾಗೇ ಹೋದವು, ತಾವಾಗೇ ಬರ್ತಾವ. ನನ್ನವು ಮಂದಿ ತಗಸಿದ್ರು. ಬೆಳದಾಗೆಲ್ಲ ತಗಸ್ತಾರ." ಅವಲಕ್ಕಿಯ ಬಟ್ಟಲನ್ನು ನನ್ನತ್ತ ಸರಿಸಿ, "ನನ್ನ ಜಡಿ ಮೊಣಕಾಲ ಮುಟ್ಟತಿತ್ತು. ಅದನ್ನ ನೋಡಿದವರು ಈಗ ಯಾರೂ ಉಳದಿಲ್ಲ," ಎಂದಳು.

ಮರುವರ್ಷ ನನ್ನ ಕೂದಲು ದಟ್ಟವಾಗಿ, ಗುಂಗುರಾಗಿ ಬಂತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ಅಕ್ಕನ ಅತ್ತೆ ಮನೆಗೆ ಬಂದಾಗ ನನ್ನ ಗಲ್ಲ ಹಿಡಿದು, "ಸಣ್ಣಾಕಿ ಭಾಳ ಚಂದ ಇದ್ದಾಳ. ಧಾರವಾಡದಿಂದ ಯಾವಾಗ ಬಂದೆವ್ವಾ?" ಎಂದರು. ಗುರುತು ಸಿಕ್ಕಿರಲಿಲ್ಲ. ಅವ್ವ ಹೆಮ್ಮೆಯಿಂದ ನನಗೆ ಮಲ್ಲಿಗೆ ಮುಡಿಸಲು ಬಂದಳು. ನಾನು ತಲೆ ಸರಿಸಿಕೊಂಡೆ.

ಕಾಲೇಜು ಸೇರಿದಾಗ ಕೂದಲು ಕತ್ತರಿಸಿದವಳು ಮತ್ತೆ ಬೆಳೆಸಲಿಲ್ಲ. ಅಕ್ಕ ಮತ್ತು ನಾನು ಹಬ್ಬಕ್ಕೆ ಸೇರುತ್ತೇವೆ, ಅಡುಗೆ ಹೊಗಳುತ್ತೇವೆ, ಅಷ್ಟೇ. ಎಂಬತ್ತು ದಾಟಿ ಹಾಸಿಗೆ ಹಿಡಿದಾಗ ಅವ್ವ ನನ್ನ ಕುತ್ತಿಗೆಯತ್ತ ಕೈಚಾಚಿ, "ಒಮ್ಮೆ ಉದ್ದ ಬಿಡವ್ವಾ, ನಾ ಜಡಿ ಹೆಣಿತೇನಿ," ಎಂದಳು.

ಅವಳಿಗೆ ಔಷಧ ಕುಡಿಸಿದೆ, ಹೊದಿಕೆ ಸರಿಮಾಡಿದೆ. ಮರುವಾರ ಎಂದಿನಂತೆ ಕೂದಲು ಕತ್ತರಿಸಿಕೊಂಡು ಬಂದೆ.