ಬೇವೂರಿನ ಜೋಡೆತ್ತು

ನಿಜಾಮರ ಆಳ್ವಿಕೆಯ ಕಾಲ. ಬೇವೂರಿನ ಒಬ್ಬ ಹೆಣ್ಣುಮಗಳಿಂದ ಜೋಡೆತ್ತು ಕೊಂಡು ತಂದಿದ್ದೆ. ದೇವರ ದಯದಿಂದ ಹದವಾದ ಮಳೆಯೂ ಆಯಿತು. ಆದರೆ ಬಿತ್ತಲು ಕೂರಿಗೆ ಹೂಡಿದರೆ, ನಾನು ಎಷ್ಟು ಕೂಗಿದರೂ ಎತ್ತುಗಳು ಹೆಜ್ಜೆ ಕೀಳಲೊಲ್ಲವು. ನೆಲದ ಹಸಿ ಆರಿದರೆ ಆ ವರ್ಷ ಬಿತ್ತನೆಯೇ ಇಲ್ಲ. ತಿರುಗಿ ಕೊಟ್ಟುಬಿಡುವುದೆಂದು ಬೇವೂರಿಗೆ ಹೋಗಿ, ಎತ್ತುಗಳು ನಡೆಯುವುದೇ ಇಲ್ಲವೆಂದು ಹೇಳಿದೆ.

"ಕೂರಿಗಿ ಹೊಡದವ್ರು ಯಾರ‍್ರೀ?" ಎಂದಳು ಆಕೆ.

"ನಾನ, ತಂಗೆವ್ವ."

"ಅವಕ್ಕ ಗಂಡಸರ ದನಿ ರೂಢಿ ಇಲ್ರಿ ಅಣ್ಣಾರ. ನಮ್ಮನಿಯವ್ರು ಹೈದರಾಬಾದಿಗೆ ನೌಕರಿಗೆ ಹೋದಾಗಿಂದ ಒಕ್ಕಲುತನ ಎಲ್ಲಾ ನಂದ. ಮನ್ಯಾಗ ಅತ್ತಿಗಿಯಾರು ಇಲ್ಲೇನ್ರಿ?"

"ಅದಾಳ. ಆದ್ರ ಹೆಣಮಕ್ಕಳು ಎತ್ತು ಹೊಡಿಯೋದು ನಮ್ಮಲ್ಲಿ ಪದ್ಧತಿ ಇಲ್ಲವ್ವಾ."

"ಆ ಪದ್ಧತಿ ಎತ್ತಿಗೆ ಗೊತ್ತಿಲ್ರಿ!" ಎಂದು ನಕ್ಕಳು.

ಮರುದಿನ ಹೊಲದಲ್ಲಿ ದೇವರಿಗೆ ಕೈಮುಗಿದು ಎತ್ತಿನ ಹಗ್ಗವನ್ನು ಹೆಂಡತಿಗೆ ಕೊಟ್ಟೆ. ಅವಳು ಸೆರಗು ಬಿಗಿದು, "ನಡೀರೋ ನನ್ನಪ್ಪಗಳ್ರಾ" ಎಂದದ್ದೇ ತಡ, ಎತ್ತುಗಳು ನಡೆದವು. ಅವಳು ಮಾಡುತ್ತಿದ್ದ ಬೀಜ ಬಿಡುವ ಕೆಲಸ ನನಗೆ ಬಂತು.

"ಕೈ ಬಿಗಿ ಹಿಡೀರಿ, ಬೀಜ ಭಾಳ ದಟ್ಟ ಬೀಳಾಕತ್ತಾವ!" ಎಂದು ಅವಳು ತಿರುತಿರುಗಿ ನೋಡಿ ಗದರುತ್ತಿದ್ದಳು.

ಹಸಿ ಆರುವ ಮೊದಲೇ ಬಿತ್ತನೆ ಮುಗಿಯಿತು. ಎತ್ತುಗಳು ಒಂದು ಮಾತೂ ಬೈಸಿಕೊಳ್ಳಲಿಲ್ಲ.