ಹುಲಿಗೆಮ್ಮನ ಮಷಿನ್

ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ಇಡೀ ಪ್ಯಾಂಟನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬರು ಜಿಪ್ಪು ಹಚ್ಚಿದರೆ ಇನ್ನೊಬ್ಬರು ಸೊಂಟದ ಪಟ್ಟಿ. ಹುಲಿಗೆಮ್ಮ ಎಂಟು ವರ್ಷದಿಂದ ಹೊಲಿದದ್ದು ಜೇಬು ಮಾತ್ರ. ಐದು ತಿಂಗಳ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಅವಳು ಕೆಲಸಕ್ಕೆ ಮರಳಿದಾಗ, ಅವಳ ಮಷಿನ್ ಮುಂದೆ ಬೇರೊಬ್ಬಳು ಕೂತಿದ್ದಳು. ಮೇಸ್ತ್ರಿ ಚಂದ್ರಮೋಹನ್ ಹುಲಿಗೆಮ್ಮನ ಕೈಗೆ ಕತ್ತರಿ ಕೊಟ್ಟ.

"ಹಸಿ ಬಾಣಂತಿ ನೀನು. ಮೂಲ್ಯಾಗ ಕುಂತು ದಾರ ಕತ್ತರಸು, ಸಾಕು."

"ಹಡೆದಿದ್ದು ಹೊಟ್ಟೀರಿ, ಕೈ ಅಲ್ಲ," ಎಂದು ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತಳು.

ಅಷ್ಟರಲ್ಲಿ ಚಿತ್ರದುರ್ಗದ ವ್ಯಾಪಾರಿ ಮಾಲು ನೋಡಲು ಬಂದ. ಹುಲಿಗೆಮ್ಮನ ಜಾಗದಲ್ಲಿ ಕೂತವಳು ಹೊಲಿದ ಜೇಬಿಗೆ ತನ್ನ ಫೋನ್ ಇಳಿಸಿದ. ಅರ್ಧ ಹೊರಗೇ ಉಳಿಯಿತು.

"ಏನ್ ಮೇಸ್ತ್ರಿ, ಇದು ಜೇಬೋ, ಎಲಿ ಅಡಕಿ ಚೀಲಾನೋ?"

ಮೇಸ್ತ್ರಿ ಹುಲಿಗೆಮ್ಮನ ಕಡೆ ತಿರುಗಿದ. "ಇವತ್ತೊಂದಿನ ಮಷಿನ್ ಮುಂದ ನೀನೇ ಕೂಡವ್ವ."

"ಒಂದಿನಕ್ಕ ಕೂಡಂಗಿಲ್ರಿ. ಮಷಿನ್ ನಂದು ಅಂತ ಎಲ್ಲರೆದುರಿಗೆ ಹೇಳ್ರಿ. ಮಧ್ಯಾಹ್ನ ಮಗೀಗೆ ಹಾಲು ಕುಡಸಾಕ ಮನಿಗೆ ಹೋಗಿ ಬರ್ತೀನಿ, ಅದನ್ನೂ ಹೇಳ್ರಿ."

ವ್ಯಾಪಾರಿ ಗಡಿಯಾರ ನೋಡಿದ. ಮೇಸ್ತ್ರಿ ಎರಡನ್ನೂ ಹೇಳಿದ, ಗಟ್ಟಿಯಾಗಿಯೇ.

ಮಷಿನ್ ಮುಂದಿದ್ದವಳು ಮುಖ ಸಣ್ಣದು ಮಾಡಿಕೊಂಡು ಎದ್ದಳು. ಹುಲಿಗೆಮ್ಮ ಅವಳ ಕೈ ಹಿಡಿದಳು.

"ಎಲ್ಲಿಗೆ ಹೊಂಟಿ? ಪಕ್ಕಕ್ಕ ಸರಿ, ಅಳತಿ ತೋರಸ್ತೀನಿ."